ಆ ಖೀಮಾ ಮಷೀನ್ ತೊಳೆಯೋದು ಯಾವಾಗ?

ನಿಟ್ಟುವಳ್ಳಿ ನಿವಾಸಿಗಳ ಗುಂಪು, ದಾವಣಗೆರೆ

3ನೇ ಕ್ರಾಸ್, ಮೂಲೆ ಮನೆ: ಮಟನ್ ಅಂಗಡಿಯಿಂದ ಭಾನುವಾರ ತಂದ ಖೀಮಾ ತಿಂದು ನಮ್ಮನೇಲಿ ಮೂರು ಜನಕ್ಕೆ ವಾಂತಿ ಭೇದಿ. ಹಿಂದಿನ ಬೀದಿಯಲ್ಲಿ ಎರಡು ಮನೆಯವರಿಗೂ ಹೀಗೇ ಆಗಿದೆ, ಅವರೂ ಅದೇ ಅಂಗಡಿಯಿಂದ ತಂದದ್ದಂತೆ. ಪರೀಕ್ಷೆ ಏನೂ ಮಾಡಿಸಿಲ್ಲ, ಆದ್ರೆ ಬೆಳಿಗ್ಗೆ ಹೋಗಿ ಮಷೀನ್ ನೋಡಿದೆ, ಹಿಂದಿನ ದಿನದ ಚೂರು ಒಣಗಿ ಅಂಟಿಕೊಂಡಿತ್ತು.

1ನೇ ಕ್ರಾಸ್: ಅಣ್ಣ, ಹತ್ತು ವರ್ಷದಿಂದ ಅಲ್ಲೇ ಮಟನ್ ತರುತ್ತೇವೆ, ಏನೂ ಆಗಿಲ್ಲ. ಸುಮ್ನೆ ಒಬ್ಬರ ಹೊಟ್ಟೆ ಮೇಲೆ ಹೊಡೆಯಬೇಡಿ.

ನರ್ಸ್ ಅಕ್ಕ: ತುಂಡು ಬೇರೆ, ಖೀಮಾ ಬೇರೆ ಅಣ್ಣ. ದನ, ಕುರಿ, ಯಾವುದೇ ಇರಲಿ, ಕರುಳಿನಲ್ಲಿ ಇ. ಕೊಲಿ ಅನ್ನೋ ಬ್ಯಾಕ್ಟೀರಿಯಾ ಇರುತ್ತದೆ, ಚರ್ಮ ಸುಲಿಯುವಾಗ ಸಗಣಿ ಹಿಕ್ಕೆ ತಾಗಿದರೆ ಮಾಂಸದ ಮೇಲೆ ಬರುತ್ತದೆ. ತುಂಡಿನಲ್ಲಿ ಅದು ಮೇಲೇ ಇರುತ್ತದೆ, ಬೆಂಕಿಗೆ ಬೇಗ ಸಾಯುತ್ತದೆ. ಮಷೀನಿಗೆ ಹಾಕಿದರೆ ಒಳಗೆಲ್ಲ ಬೆರೆಯುತ್ತದೆ, ಆಮೇಲೆ ಹಾಕಿದ ಮಾಂಸಕ್ಕೂ ಹತ್ತುತ್ತದೆ. ಎಲ್ಲ ಇ. ಕೊಲಿಯೂ ಕೆಟ್ಟದ್ದಲ್ಲ, ಅದರಲ್ಲಿ ಒ157 ಅನ್ನೋ ಥರದವು ಅಪಾಯ. 1993ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ದನದ ಖೀಮಾ ಬರ್ಗರ್‌ನಿಂದ ಶುರುವಾಗಿ 700ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ತೀರಿಕೊಂಡರು. ಚಿಕ್ಕ ಮಕ್ಕಳಿಗೆ ಕಿಡ್ನಿಗೇ ಹೊಡೆತ ಬೀಳಬಹುದು. ಭೇದಿಯಲ್ಲಿ ರಕ್ತ ಕಂಡರೆ ಮೆಡಿಕಲ್‌ನಿಂದ ಭೇದಿ ನಿಲ್ಲಿಸೋ ಮಾತ್ರೆ ತಂದು ನುಂಗಿಸಬೇಡಿ, ಆಸ್ಪತ್ರೆಗೆ ಹೋಗಿ.

1ನೇ ಕ್ರಾಸ್: ನಮ್ಮಲ್ಲಿ ಅರೆಬೆಂದದ್ದು ಯಾರು ತಿನ್ನುತ್ತಾರೆ ಅಕ್ಕ, ಕುಕ್ಕರ್ ನಾಲ್ಕು ಸಲ ಕೂಗಿಸುತ್ತೇವೆ.

ನರ್ಸ್ ಅಕ್ಕ: ಸಾರು ಸರಿ. ಖೀಮಾ ಉಂಡೆ? ಮೇಲೆ ಕೆಂಪಗೆ ಕರಿದಿರುತ್ತದೆ, ಒಳಗೆ ಹಸಿ. ಬಣ್ಣ ನಂಬೋ ಹಾಗಿಲ್ಲ, ನಡುವೆ 71 ಡಿಗ್ರಿ ಬಿಸಿ ಮುಟ್ಟಬೇಕು. ಹಸಿ ಖೀಮಾ ಮುಟ್ಟಿದ ಕೈಯಲ್ಲೇ ಸೌತೆಕಾಯಿ ಹೆಚ್ಚೋದೂ ಇದೆ ಅಲ್ವಾ.

3ನೇ ಕ್ರಾಸ್, ಮೂಲೆ ಮನೆ: ನಾವು ಮಾಡಿದ್ದು ಉಂಡೆನೇ. ಸರಿ, ತಪ್ಪು ನಮ್ಮದೂ ಇರಬಹುದು. ಆದ್ರೂ ಆ ಮಷೀನ್?

ಮೇಷ್ಟ್ರು, 2ನೇ ಕ್ರಾಸ್: ಅಂಗಡಿ ಮುಚ್ಚಿಸಿ ಅಂತ ಅರ್ಜಿ ಹಾಕಿದರೆ ನಾನು ಸಹಿ ಹಾಕಲ್ಲ. ಆತನ ಅಂಗಡಿಗೆ ನಲ್ಲಿಯೇ ಇಲ್ಲ, ಕೊಡದಲ್ಲಿ ನೀರು ಹೊತ್ತು ತರುತ್ತಾನೆ, ಅದರಲ್ಲಿ ಮಷೀನ್ ಬಿಚ್ಚಿ ಎಷ್ಟು ಸಲ ತೊಳೆದಾನು? ನಲ್ಲಿ ಕೊಡಿ ಅಂತ ಪಾಲಿಕೆಗೆ ಒಂದು ಅರ್ಜಿ, ಬಂದು ನೋಡಿ ಅಂತ ಆಹಾರ ಸುರಕ್ಷತಾ ಅಧಿಕಾರಿಗೆ ಒಂದು. ಗೋಡೆ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಆಹಾರ ಲೈಸೆನ್ಸ್ ಅಥವಾ ನೋಂದಣಿ ನಂಬರ್ ಇದೆಯಾ ಅಂತಲೂ ನೋಡಿ ಬನ್ನಿ.

3ನೇ ಕ್ರಾಸ್, ಮೂಲೆ ಮನೆ: ಎರಡೂ ನಾನೇ ಬರೆಯುತ್ತೇನೆ ಮೇಷ್ಟ್ರೇ, ನೀವು ಒಂದ್ಸಲ ತಿದ್ದಿಕೊಡಿ. ಭಾನುವಾರ 7ಕ್ಕೆ ಅಂಗಡಿ ಹತ್ತಿರ ಯಾರ್ಯಾರು ಬರುತ್ತೀರಿ?

1ನೇ ಕ್ರಾಸ್: ನಾನು ಬರುತ್ತೇನೆ, ಆತನ ಹತ್ತಿರ ನಾನೇ ಮಾತಾಡುತ್ತೇನೆ, ನೀವು ರೇಗಬೇಡಿ. ನನಗೆ ಅರ್ಧ ಕೆಜಿ ಖೀಮಾ ಬೇಕು, ಮಷೀನ್ ಎದುರಿಗೇ ತೊಳೆಸಿಯೇ ತಗೊಳ್ಳೋದು.