ಕಾಫಿ ರೇಟು ಏರಿಸೋದು ಹೆಂಗೆ, ಏರಿಸಿದ ಕೂಲಿ ಇಳಿಸೋದು ಹೆಂಗೆ?

ಆಗುಂಬೆ ರಸ್ತೆ ಹೋಟ್ಲು:
ತೀರ್ಥಹಳ್ಳಿ ಹತ್ರ ಆರು ಟೇಬಲ್ಲಿನ ಹೋಟ್ಲು ನಂದು. 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರ್ತು. ಕಾಫಿಪುಡಿ ಸುದ್ದಿ ಎತ್ತೋದೇ ಬೇಡ. ನನ್ನ ಕಾಫಿ ಮಾತ್ರ 15ರಲ್ಲೇ ಕೂತಿದೆ. ಎದುರಿನವ್ರದ್ದೂ 15. ನಾನು ಮೊದಲು ಏರಿಸಿದ್ರೆ ಬೆಳಿಗ್ಗೆ ಪೇಪರ್ ಓದೋ ಗುಂಪು ರಸ್ತೆ ದಾಟತ್ತೆ. ಅವ್ರಿಗೂ ಅದೇ ಹೆದರಿಕೆ ಇರ್ಬೇಕು.

ಇನ್ನೊಂದು ತಲೆಬಿಸಿ. ಅಡಿಕೆ ಕೊಯ್ಲು ಶುರುವಾದ್ರೆ ನಮ್ಮ ಹುಡುಗ್ರು ಸುಲಿಯೋಕೆ ಹೋಗ್ತಾರೆ ಅಂತ ದಿನಕ್ಕೆ 100 ಜಾಸ್ತಿ ಕೊಟ್ಟೆ. ಸುಲಿತ ಮುಗೀತು, ಆ ನೂರು ಹಂಗೇ ಉಳೀತು. ವಾಪಸ್ ಇಳಿಸಬಹುದಾ?

ಸಾಗರದ ಕಿರಾಣಿ:
ಮಾರಾಯ್ರೆ, ಆ ನೂರು ಮರೆತುಬಿಡಿ. ನಾನೊಂದ್ಸಲ ಇಳಿಸಿದ್ದೆ. ಹುಡುಗ ಕೆಲ್ಸ ಬಿಡ್ಲಿಲ್ಲ. ಮೂಟೆ ಎತ್ತು ಅಂದಾಗೆಲ್ಲ ಅವನಿಗೆ ಸೊಂಟನೋವು ಬರೋಕೆ ಶುರುವಾಯ್ತು, ಅಷ್ಟೇ. ಮುಂದಿನ ಕೊಯ್ಲಿಗೆ ಕೂಲಿಗೆ ಸೇರಿಸ್ಬೇಡಿ, ಬೇರೆ ಕವರಲ್ಲಿ ಹಾಕಿ ಕೊಡಿ.

ರಿಟೈರ್ಡ್ ಮೇಷ್ಟ್ರು:
ಸೊಂಟನೋವಿನ ಮಾತು ನಿಜ. 1990ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ವ್ಯಾಪಾರ ಬಿದ್ದಾಗ ಟ್ರೂಮನ್ ಬ್ಯೂಲಿ ಅನ್ನೋ ಅರ್ಥಶಾಸ್ತ್ರಜ್ಞ ಮಾಲೀಕರು, ಮ್ಯಾನೇಜರುಗಳನ್ನ ಕೂರಿಸಿ, ಸಂಬಳ ಯಾಕೆ ಕಡಿಯಲ್ಲ ಅಂತ ಕೇಳಿದ್ದ. ಕಡಿದ್ರೆ ಇರೋರ ಮನಸ್ಸು ಮುರಿಯತ್ತೆ, ಅದಕ್ಕಿಂತ ನಾಲ್ಕು ಜನರನ್ನ ತೆಗೆಯೋದೇ ವಾಸಿ ಅಂದ್ರಂತೆ. ಕ್ರೂರ ಲೆಕ್ಕ, ಆದ್ರೆ ಲೆಕ್ಕ.

ಕಾಫಿ ವಿಷಯಕ್ಕೆ ಅಲನ್ ಬ್ಲೈಂಡರ್ ಅನ್ನೋ ಇನ್ನೊಬ್ಬ ಅಮೆರಿಕದ ಅರ್ಥಶಾಸ್ತ್ರಜ್ಞ ಇದ್ದಾನೆ. ಸುಮಾರು 200 ಕಂಪನಿಗಳನ್ನ ವಿಚಾರಿಸಿದ. ಹತ್ತಿರಹತ್ತಿರ ಅರ್ಧದಷ್ಟು ರೇಟುಗಳು ವರ್ಷಕ್ಕೆ ಒಂದು ಸಲ ಬದಲಾದ್ರೆ ಹೆಚ್ಚು. ಯಾಕೆ ಅಂದ್ರೆ ಎಷ್ಟೋ ಜನ ಹೇಳಿದ್ದು ನಿಮ್ಮ ಮಾತೇ: ಪಕ್ಕದವನು ಮೊದಲು ಏರಿಸ್ಲಿ.

ಸೊರಬ ಹುಡುಗ:
ಲೋಟ ಸಣ್ಣದು ಮಾಡಿ ಸಾರ್. ಬಿಸ್ಕತ್ತಿನವ್ರು ಅದನ್ನೇ ಅಲ್ವಾ ಮಾಡೋದು, ರೇಟು ಅದೇ, ಪ್ಯಾಕೆಟ್ ಹಗುರ.

ಸಾಗರದ ಕಿರಾಣಿ:
ಬೇಡ ಬೇಡ. 18 ಕೂಡ ಮಾಡ್ಬೇಡಿ, ಎರಡು ರೂಪಾಯಿ ಚಿಲ್ಲರೆಗೆ ಬೆಳಿಗ್ಗೆಯೆಲ್ಲ ಜಗಳ. ಸೀದಾ 20. ಬೈ-ಟು ಕುಡಿಯೋರಿಗೂ ತಲಾ ಹತ್ತು, ಸಲೀಸು.

ಆಗುಂಬೆ ರಸ್ತೆ ಹೋಟ್ಲು:
ಲೋಟ ಮುಟ್ಟಲ್ಲ. ಪೇಪರ್ ಗುಂಪು ಮೊದಲ ಗುಟುಕಿಗೇ ಹಿಡೀತಾರೆ, ಆಮೇಲೆ ಊರೆಲ್ಲ ಅದೇ ಸುದ್ದಿ. ನೂರು ರೂಪಾಯಿ ಆಸೆ ಬಿಟ್ಟೆ. ಸೋಮವಾರದಿಂದ 20. ಪೇಂಟರ್ ಕರೆಸಿಲ್ಲ, 15ರ ಮೇಲೆ ಚೀಟಿ ಅಂಟಿಸ್ತೀನಿ. ಎದುರಿನವ್ರು ಏರಿಸದಿದ್ರೆ ಕೀಳೋಕೆ ಸುಲಭ.