'ನಿರೋಧಕ', 'ವಾಹಕ': ಕಾಡುಪ್ರಾಣಿಗಳ ಮಾತು ಬಂದಾಗ ಈ ಪದಗಳು ಸರಿಹೊಂದುತ್ತವೆಯೇ?

ಎಲ್ಲರಿಗೂ ನಮಸ್ಕಾರ.

ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಕಾಡುಪ್ರಾಣಿಗಳಲ್ಲೂ ಕಾಣಿಸುತ್ತಿರುವ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಪತ್ರಿಕೆಗಳಲ್ಲಿ 'ಪ್ರತಿಜೀವಕ ನಿರೋಧಕ ಬ್ಯಾಕ್ಟೀರಿಯಾ' ಎಂಬ ಬಳಕೆ ಇದೆ. ಆದರೆ 'ನಿರೋಧಕ' ಅಂದ ಕೂಡಲೇ ಮಕ್ಕಳಿಗೆ ಹೊಳೆಯುವುದು 'ರೋಗನಿರೋಧಕ ಶಕ್ತಿ', ಅಂದರೆ ದೇಹಕ್ಕೆ ಬೇಕಾದ ಒಳ್ಳೆಯ ಗುಣ. 'ಪ್ರತಿಜೀವಕ ನಿರೋಧಕತೆ ಕಂಡುಬಂದ ಕೋತಿಗಳು' ಎಂದು ಬರೆದರೆ ಔಷಧಿ ಕೆಲಸ ಮಾಡದಿರುವುದು ಕೋತಿಯ ಮೈಗೆ ಎಂದೇ ಓದಿಕೊಳ್ಳುತ್ತಾರೆ. ವಾಸ್ತವದಲ್ಲಿ ಔಷಧಿಗೆ ಸಾಯದಿರುವುದು ಅದರ ಕರುಳಿನಲ್ಲಿರುವ ಬ್ಯಾಕ್ಟೀರಿಯಾ.

'ಮದ್ದು ನಾಟಲಿಲ್ಲ' ಎಂಬ ಮಾತು ನಮ್ಮಲ್ಲಿ ಇದ್ದೇ ಇದೆಯಲ್ಲ? 'ಮದ್ದು ನಾಟದ ಬ್ಯಾಕ್ಟೀರಿಯಾ' ಎಂದರೆ ವಿವರಣೆಯೇ ಬೇಡ. ಧಾರವಾಡ, ಕಲಬುರಗಿ ಕಡೆಯವರಿಗೆ ಈ 'ನಾಟು' ಹಾಗೆಯೇ ಅರ್ಥವಾಗುತ್ತದೆಯೇ, ತಿಳಿಸಿ.

ಇನ್ನೂ ಹೆಚ್ಚು ಕಾಡುತ್ತಿರುವ ಪದ 'ವಾಹಕ'. ಕೀನ್ಯಾದ ಬಬೂನ್ ಕೋತಿಗಳ ಮೇಲೆ ನಡೆದ ಒಂದು ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಮನುಷ್ಯರು ಎಸೆದ ಕಸವನ್ನು ದಿನವೂ ತಿನ್ನುತ್ತಿದ್ದ ಕೋತಿಗಳ ಕರುಳಿನಲ್ಲಿ ಇಂಥ ಬ್ಯಾಕ್ಟೀರಿಯಾ ಹೆಚ್ಚಿದ್ದವು. ಜನರ ಸಂಪರ್ಕವಿಲ್ಲದೆ ಕಾಡಿನಲ್ಲೇ ಮೇವು ಹುಡುಕುತ್ತಿದ್ದವುಗಳಲ್ಲಿ ಬಹಳ ಕಡಿಮೆ. ಊರಿನ ಕಸದ ರಾಶಿಯಲ್ಲಿ, ಕೊಳಚೆ ನೀರು ಬಂದು ಸೇರುವ ದಡದಲ್ಲಿ ಆಹಾರ ಹೆಕ್ಕುವ ಸೀಗಲ್ ಹಕ್ಕಿಗಳದೂ ಇದೇ ಕತೆ. ಆ ಕೋತಿಗೆ, ಆ ಹಕ್ಕಿಗೆ ಯಾರೂ ಮಾತ್ರೆ ಕೊಟ್ಟಿಲ್ಲ. ನಮ್ಮಿಂದ ಅವುಗಳ ಹೊಟ್ಟೆಗೆ ಹೋದದ್ದನ್ನು ಬರೆಯುವಾಗ ಅವನ್ನೇ 'ವಾಹಕಗಳು' ಅಂದರೆ ಹೇಗೆ? ಆರೋಗ್ಯ ಇಲಾಖೆಯ ಬರಹಗಳಲ್ಲಿ 'ರೋಗವಾಹಕ' ಅಂದರೆ ಸೊಳ್ಳೆ, ಕೊಲ್ಲಬೇಕಾದದ್ದು. ಇವುಗಳಲ್ಲಿ ಎಷ್ಟೋ ಪ್ರಾಣಿಗಳಿಗೆ ಕಾಯಿಲೆಯೇ ಇರುವುದಿಲ್ಲ, ಹಾಗಾಗಿ 'ಸೋಂಕಿತ' ಎಂಬುದೂ ಒಪ್ಪುವುದಿಲ್ಲ. ಹಕ್ಕಿ ದೂರದ ಊರಿಗೆ ಹಾರಿದಾಗ ಬ್ಯಾಕ್ಟೀರಿಯಾವೂ ಜೊತೆಗೆ ಹೋಗುತ್ತದೆ ಎಂಬುದನ್ನು ಮುಚ್ಚಿಡಬೇಕಿಲ್ಲ, ಆದರೆ ತಪ್ಪು ಹಕ್ಕಿಯದು ಎಂಬ ಧ್ವನಿ ಬರಬಾರದು. ಸದ್ಯಕ್ಕೆ 'ಬ್ಯಾಕ್ಟೀರಿಯಾ ನೆಲೆಸಿದ ಪ್ರಾಣಿ' ಎಂದು ಬರೆದಿದ್ದೇನೆ. ಉದ್ದವಾಯಿತು. ಇದಕ್ಕಿಂತ ಚಿಕ್ಕದು ಸಿಕ್ಕೀತೇ?

ಕ್ರಿಯಾಪದದಲ್ಲೂ ಒಂದು ತೊಡಕಿದೆ. ಕರಡು ನೋಡಿದ ಗೆಳತಿಯೊಬ್ಬರು 'ಮನುಷ್ಯನಿಂದ ಹುಟ್ಟಿದ ಪಿಡುಗು' ಎಂದು ತಿದ್ದಿದರು. ನಾನು ಒಪ್ಪಲಿಲ್ಲ. ಯುರೋಪಿನ ಹೆಜ್‌ಹಾಗ್‌ಗಳ (ಇದು ನಮ್ಮ ಮುಳ್ಳುಹಂದಿಯಲ್ಲ, ಅದಕ್ಕಿಂತ ತೀರ ಚಿಕ್ಕ ಬೇರೆಯೇ ಪ್ರಾಣಿ) ಚರ್ಮದ ಮೇಲೆ ಬೆಳೆಯುವ ಒಂದು ಶಿಲೀಂಧ್ರ ತಾನೇ ಪೆನಿಸಿಲಿನ್‌ನಂಥ ರಾಸಾಯನಿಕವನ್ನು ಸ್ರವಿಸುತ್ತದೆ. ಅದರ ಪಕ್ಕದಲ್ಲೇ ಬದುಕಬೇಕಾದ ಒಂದು ಬಗೆಯ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಅದನ್ನು ತಡೆದುಕೊಳ್ಳುವ ಗುಣವನ್ನು 19ನೇ ಶತಮಾನದಷ್ಟು ಹಿಂದೆಯೇ ಪಡೆದಿತ್ತು ಎಂದು 2022ರಲ್ಲಿ ವಿಜ್ಞಾನಿಗಳು ತೋರಿಸಿದರು. ಆಗ ಯಾವ ಆಸ್ಪತ್ರೆಯಲ್ಲೂ ಪೆನಿಸಿಲಿನ್ ಇರಲಿಲ್ಲ; ಅದೇ ಗುಂಪಿನ ಔಷಧಿಯಾದ ಮೆಥಿಸಿಲಿನ್ ಬಳಕೆಗೆ ಬಂದದ್ದೇ 1959ರ ಹೊತ್ತಿಗೆ. ಅಂದರೆ ಈ ಗುಣ ನಮಗಿಂತ ಮೊದಲೇ ನಿಸರ್ಗದಲ್ಲಿತ್ತು. ಮನುಷ್ಯರಿಗೂ ಸಾಕುಪ್ರಾಣಿಗಳಿಗೂ ಬೇಕಾಬಿಟ್ಟಿ ಆಂಟಿಬಯಾಟಿಕ್ ಕೊಟ್ಟು, ಕೊಳಚೆಯನ್ನು ಶುದ್ಧಿ ಮಾಡದೆ ಹೊಳೆಗೆ ಬಿಟ್ಟು, ಅದನ್ನು ಹೆಚ್ಚಿಸಿದವರು, ಎಲ್ಲೆಲ್ಲೂ ಹರಡಿದವರು ನಾವು.

ಅದಕ್ಕೇ 'ಹುಟ್ಟಿದ' ತೆಗೆದು 'ಮನುಷ್ಯ ಹಬ್ಬಿಸಿದ' ಎಂದು ಬರೆಯಬೇಕೆಂದಿದ್ದೇನೆ. 'ಹಬ್ಬಿದ' ಅಂದರೆ ತಾನಾಗಿ ಹಬ್ಬಿದಂತೆ ಕೇಳಿಸುತ್ತದೆ, 'ಹಬ್ಬಿಸಿದ' ಅಂದರೆ ಬೇಕೆಂದೇ ಮಾಡಿದಂತೆ. ಉದ್ದೇಶವಿರಲಿಲ್ಲ, ಆದರೆ ಹೊಣೆ ನಮ್ಮದೇ ಎಂಬುದನ್ನು ಹೇಳುವ ಕ್ರಿಯಾಪದ ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ. ಪಶುವೈದ್ಯರು ಹಳ್ಳಿಗಳಲ್ಲಿ ರೈತರಿಗೆ ಇದನ್ನು ಹೇಗೆ ವಿವರಿಸುತ್ತಾರೆ ಎಂಬುದು ಗೊತ್ತಿದ್ದರೆ ಅದೂ ಬೇಕು.