ಹುಬ್ಬಳ್ಳಿ, ಗದಗ ಎರಡು ಆಫೀಸ್: ಫೈಲು, ಪ್ರಿಂಟರ್ ಸುರಕ್ಷಿತವಾಗಿ ಹಂಚಿಕೊಳ್ಳೋದು ಹೇಗೆ?

ಪ್ರಶ್ನೆ

ನಮಸ್ಕಾರ. ಹುಬ್ಬಳ್ಳಿ ಆಫೀಸ್‌ನಲ್ಲಿ 12 ಕಂಪ್ಯೂಟರ್, ಗದಗದ ಬ್ರಾಂಚ್‌ನಲ್ಲಿ 5. ಎರಡೂ ಕಡೆ ಫೈಬರ್ ಇಂಟರ್ನೆಟ್ ಇದೆ. ಹುಬ್ಬಳ್ಳಿಯ ವಿಂಡೋಸ್ ಸರ್ವರ್‌ನಲ್ಲಿರೋ ಫೋಲ್ಡರ್‌ಗಳು ಗದಗದವರಿಗೂ ಸಿಗಬೇಕು, ಟ್ಯಾಲಿ ಡೇಟಾನೂ ಅಲ್ಲೇ ಇದೆ. ಗದಗದಿಂದ ಹುಬ್ಬಳ್ಳಿಯ ಲೇಸರ್ ಪ್ರಿಂಟರ್‌ಗೆ ಪ್ರಿಂಟ್ ಕೊಡೋಕೂ ಆಗಬೇಕು. ರೂಟರ್‌ನಲ್ಲಿ 445 ಪೋರ್ಟ್ (ವಿಂಡೋಸ್ ಫೈಲ್ ಹಂಚಿಕೆಯ ದಾರಿ) ಫಾರ್ವರ್ಡ್ ಮಾಡಿದ್ರೆ, ಅಂದ್ರೆ ಇಂಟರ್ನೆಟ್‌ನಿಂದ ಸರ್ವರ್‌ಗೆ ತೆರೆದಿಟ್ರೆ ಸಾಕು ಅಂತಾರೆ. ಸರಿನಾ? ಎರಡೂ ಕಡೆ ಐಪಿ 192.168.1 ಸರಣಿಯಲ್ಲೇ ಇದೆ.

ಉತ್ತರ 1

445 ಅನ್ನು ಇಂಟರ್ನೆಟ್‌ಗೆ ತೆರೀಬೇಡಿ ಸರ್, ಒಂದು ಗಂಟೆಗೂ ಬೇಡ. 2017ರ ಮೇ ತಿಂಗಳಲ್ಲಿ ವಾನಾಕ್ರೈ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳೋ ವೈರಸ್) ಹಬ್ಬಿದ್ದು ಇದೇ ಪೋರ್ಟ್ ಹಿಡಿದು. ನಿಮಗೆ ಬೇಕಾಗಿರೋದು ಎರಡು ರೂಟರ್‌ಗಳ ನಡುವೆ ವಿಪಿಎನ್, ಅಂದ್ರೆ ಇಂಟರ್ನೆಟ್ ಮೇಲೆಯೇ ಗೂಢಲಿಪಿ ಹಾಕಿದ ಖಾಸಗಿ ದಾರಿ (ಟನಲ್). ಎರಡೂ ಕಡೆ ವೈರ್‌ಗಾರ್ಡ್ (ಒಂದು ಬಗೆಯ ವಿಪಿಎನ್) ಇರೋ ರೂಟರ್ ಹಾಕಿ. ರೂಟರ್‌ಒಎಸ್ 7 (ಮೈಕ್ರೋಟಿಕ್ ರೂಟರ್‌ನ ಸಾಫ್ಟ್‌ವೇರ್) ಇರೋ ಮೈಕ್ರೋಟಿಕ್ ಹೆಕ್ಸ್ ಈ ಕೆಲಸಕ್ಕೆ ಧಾರಾಳ ಸಾಕು.

ಎಲ್ಲಕ್ಕಿಂತ ಮೊದಲು ಐಪಿ ಸರಣಿ ಬದಲಾಯಿಸಿ. ಎರಡೂ ಕಡೆ 192.168.1.0/24 (192.168.1ರಿಂದ ಶುರುವಾಗೋ ಎಲ್ಲ ವಿಳಾಸ) ಇದ್ದರೆ, ಗದಗದ ಕಂಪ್ಯೂಟರ್ ಸರ್ವರ್ ತನ್ನ ಪಕ್ಕದಲ್ಲೇ ಇದೆ ಅಂದುಕೊಂಡು ಅಲ್ಲೇ ಹುಡುಕುತ್ತೆ, ಪ್ಯಾಕೆಟ್ ರೂಟರ್‌ಗೆ ಹೋಗೋದೇ ಇಲ್ಲ. ಹುಬ್ಬಳ್ಳಿಗೆ 192.168.10.0/24, ಗದಗಕ್ಕೆ 192.168.20.0/24 ಕೊಡಿ. 192.168.1 ಅನ್ನು ಒಂದು ಕಡೆ ಕೂಡ ಉಳಿಸಬೇಡಿ. ಮನೆ ರೂಟರ್‌ಗಳಲ್ಲೂ ಸಾಮಾನ್ಯವಾಗಿ ಇದೇ ಸರಣಿ ಇರುತ್ತೆ, ನಾಳೆ ಯಾರಾದ್ರೂ ಮನೆಯಿಂದ ವಿಪಿಎನ್ ಹಾಕಿದಾಗ ಮತ್ತೆ ಇದೇ ತಕರಾರು ಬರುತ್ತೆ.

ಆಮೇಲೆ ಹುಬ್ಬಳ್ಳಿಗೆ ಪಬ್ಲಿಕ್ ಐಪಿ (ಇಂಟರ್ನೆಟ್‌ನಿಂದ ನೇರ ತಲುಪೋ ವಿಳಾಸ) ಇದೆಯಾ ನೋಡಿ. ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ 100.64ರಿಂದ 100.127ರೊಳಗೆ ಇದ್ದರೆ ಅದು ಕ್ಯಾರಿಯರ್ ನ್ಯಾಟ್ (ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವರಿಗೆ ಹಂಚೋದು), ಹೊರಗಿನಿಂದ ಬರೋಕೆ ದಾರಿ ಇಲ್ಲ. ಐಎಸ್‌ಪಿಯಿಂದ (ಇಂಟರ್ನೆಟ್ ಕಂಪನಿ) ಹುಬ್ಬಳ್ಳಿಗೊಂದು ಸ್ಟ್ಯಾಟಿಕ್ (ಬದಲಾಗದ) ಐಪಿ ತಗೊಳ್ಳಿ. ಗದಗಕ್ಕೆ ಅದು ಬೇಕಿಲ್ಲ, ಸಂಪರ್ಕ ಅಲ್ಲಿಂದಲೇ ಶುರುವಾಗುತ್ತೆ. ಗದಗದ ರೂಟರ್‌ನ ಪಿಯರ್ (ಎದುರು ರೂಟರ್‌ನ ವಿವರ) ಸೆಟ್ಟಿಂಗ್‌ನಲ್ಲಿ ಕೀಪ್‌ಅಲೈವ್ (ಸಂಪರ್ಕ ಜೀವಂತ ಇಡೋ ಸಣ್ಣ ಪ್ಯಾಕೆಟ್) 25 ಸೆಕೆಂಡ್ ಇಡೋದು ಮರೀಬೇಡಿ, ಇಲ್ಲದಿದ್ದರೆ ಸ್ವಲ್ಪ ಹೊತ್ತು ಬಳಸದೆ ಬಿಟ್ಟಾಗ ಹುಬ್ಬಳ್ಳಿಯಿಂದ ಗದಗ ಸಿಗೋದಿಲ್ಲ. ಐಎಸ್‌ಪಿ ಕೊಟ್ಟ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸವನ್ನು ನಿಮ್ಮ ರೂಟರ್‌ಗೇ ಬಿಡೋ ಹಾಗೆ) ಹಾಕಿಸಿ.

ವೈರ್‌ಗಾರ್ಡ್‌ನ ಅಲೌಡ್ ಅಡ್ರೆಸ್‌ನಲ್ಲಿ (ಟನಲ್‌ನಲ್ಲಿ ಹೋಗಬಹುದಾದ ವಿಳಾಸಗಳು) ಎದುರು ಕಡೆಯ ಸರಣಿ ಬರೀಬೇಕು: ಹುಬ್ಬಳ್ಳಿಯಲ್ಲಿ 192.168.20.0/24, ಗದಗದಲ್ಲಿ 192.168.10.0/24. ಮೈಕ್ರೋಟಿಕ್‌ನಲ್ಲಿ ಇಷ್ಟು ಬರೆದರೂ ರೂಟ್ (ಯಾವ ಸರಣಿಗೆ ಯಾವ ದಾರಿ ಅನ್ನೋ ನಮೂದು) ತಾನಾಗಿ ಸೇರೋದಿಲ್ಲ, ಕೈಯಾರೆ ಹಾಕಬೇಕು. ಹುಬ್ಬಳ್ಳಿಯ ಇನ್‌ಪುಟ್ ಚೈನ್‌ನಲ್ಲಿ (ರೂಟರ್‌ಗೇ ಬರೋ ಪ್ಯಾಕೆಟ್‌ಗಳ ಫೈರ್‌ವಾಲ್ ನಿಯಮಗಳು) ವೈರ್‌ಗಾರ್ಡ್‌ನ ಯುಡಿಪಿ ಪೋರ್ಟ್‌ಗೆ ಕೊಡೋ ಅನುಮತಿ ಕೊನೆಯ ಡ್ರಾಪ್ (ತಡೆಯೋ) ರೂಲ್‌ಗಿಂತ ಮೇಲಿರಲಿ. ಹ್ಯಾಂಡ್‌ಶೇಕ್ (ಎರಡು ರೂಟರ್ ಪರಸ್ಪರ ಗುರುತಿಸೋದು) ಆಗ್ತಿದೆ, ಪಿಂಗ್ ಹೋಗ್ತಿಲ್ಲ ಅಂದ್ರೆ ನೂರಕ್ಕೆ ತೊಂಬತ್ತು ಪಾಲು ರೂಟ್ ಬಿಟ್ಟುಹೋಗಿರುತ್ತೆ.

ಟನಲ್ ಎದ್ದ ಕೂಡಲೇ ಕೆಲಸ ಮುಗೀತು ಅಂದುಕೊಳ್ಳಬೇಡಿ. ಮೈಕ್ರೋಟಿಕ್‌ನ ಡಿಫಾಲ್ಟ್ ಫೈರ್‌ವಾಲ್ ಟನಲ್‌ನಿಂದ ಬಂದದ್ದನ್ನೆಲ್ಲ ಒಳಗೆ ಬಿಡುತ್ತೆ. ಗದಗದ ಒಂದು ಕಂಪ್ಯೂಟರ್‌ಗೆ ರ‍್ಯಾನ್ಸಮ್‌ವೇರ್ ಹತ್ತಿದರೆ ಹುಬ್ಬಳ್ಳಿಯ 12ಕ್ಕೂ ಬಾಗಿಲು ತೆರೆದ ಹಾಗೆ. ಫಾರ್ವರ್ಡ್ ಚೈನ್‌ನಲ್ಲಿ (ರೂಟರ್ ದಾಟಿ ಹೋಗೋ ಪ್ಯಾಕೆಟ್‌ಗಳ ನಿಯಮಗಳು) ಸರ್ವರ್‌ನ ಟಿಸಿಪಿ 445, ಪ್ರಿಂಟರ್‌ನ ಟಿಸಿಪಿ 9100, ಇಷ್ಟಕ್ಕೆ ಅನುಮತಿ ಕೊಟ್ಟು ಉಳಿದದ್ದು ಡ್ರಾಪ್ ಮಾಡಿ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಟನಲ್ ಎದ್ದಿದೆ, ರೂಟರ್‌ನಿಂದ ರೂಟರ್‌ಗೆ ಪಿಂಗ್ ಹೋಗ್ತಿದೆ. ಆದ್ರೆ ಗದಗದಿಂದ ಸರ್ವರ್ ತೆರೀತಿಲ್ಲ, ನೆಟ್‌ವರ್ಕ್‌ನಲ್ಲಿ ಕಾಣ್ತಾನೂ ಇಲ್ಲ. ಪ್ರಿಂಟರ್ ಆಫ್‌ಲೈನ್ ಅಂತ ಬರ್ತಿದೆ.

ಉತ್ತರ 2

ನೆಟ್‌ವರ್ಕ್ ಪಟ್ಟಿಯಲ್ಲಿ ಕಾಣುವುದಿಲ್ಲ, ಅದನ್ನು ನಿರೀಕ್ಷಿಸಲೂಬೇಡಿ. ಆ ಹುಡುಕಾಟ ರೂಟರ್ ದಾಟಿ ಹೋಗುವುದಿಲ್ಲ. ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ನೇರವಾಗಿ ಐಪಿ ಕೊಡಿ (\\192.168.10.5 ಎಂಬಂತೆ), ಒಮ್ಮೆ ಡ್ರೈವ್ ಮ್ಯಾಪ್ ಮಾಡಿಬಿಡಿ.

ತೆರೆಯದೇ ಇರುವುದಕ್ಕೆ ಕಾರಣ ಬಹುಶಃ ಸರ್ವರ್‌ನದೇ ವಿಂಡೋಸ್ ಫೈರ್‌ವಾಲ್. ಪ್ರೈವೇಟ್ ಪ್ರೊಫೈಲ್‌ನಲ್ಲಿ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ರೂಲ್‌ಗಳ ಸ್ಕೋಪ್ 'ಲೋಕಲ್ ಸಬ್‌ನೆಟ್' (ತನ್ನದೇ ಐಪಿ ಸರಣಿ ಮಾತ್ರ) ಎಂದೇ ಇರುತ್ತದೆ. ಎಸ್‌ಎಂಬಿ-ಇನ್ ರೂಲ್ (ಎಸ್‌ಎಂಬಿ ಎಂದರೆ ವಿಂಡೋಸ್ ಫೈಲ್ ಹಂಚಿಕೆಯ ವಿಧಾನ) ತೆರೆದು ರಿಮೋಟ್ ಅಡ್ರೆಸ್‌ಗೆ 192.168.20.0/24 ಸೇರಿಸಿ. ಫೈರ್‌ವಾಲನ್ನೇ ಆಫ್ ಮಾಡುವ ಅಭ್ಯಾಸ ಬೇಡ. ಪಾಸ್‌ವರ್ಡ್ ಇಲ್ಲದ ಶೇರ್ ಇದ್ದರೆ ಅದನ್ನೂ ನಿಲ್ಲಿಸಿ: ವಿಂಡೋಸ್ 11ರ 24ಎಚ್2 ಪ್ರೊನಲ್ಲಿ ಅದು ತೆರೆಯುವುದೇ ಇಲ್ಲ. ಒಬ್ಬೊಬ್ಬರಿಗೂ ಬೇರೆ ಯೂಸರ್ ಮಾಡಿ, ಎಸ್‌ಎಂಬಿ 1 (ಹಳೆಯ, ಅಸುರಕ್ಷಿತ ಆವೃತ್ತಿ) ತೆಗೆದುಹಾಕಿ.

ಪ್ರಿಂಟರ್‌ನಲ್ಲಿ ನೋಡಬೇಕಾದ್ದು ಮೂರು. ಅದರ ಮೆನುವಿನಲ್ಲಿ ಗೇಟ್‌ವೇ (ಹೊರಗಿನ ದಾರಿಯಾದ ರೂಟರ್‌ನ ವಿಳಾಸ) ಖಾಲಿ ಇರಬಹುದು, ಅಥವಾ ಹಳೆಯ 192.168.1.1 ಉಳಿದಿರಬಹುದು. ಹಾಗಿದ್ದರೆ ಗದಗದಿಂದ ಬಂದ ಪ್ಯಾಕೆಟ್‌ಗೆ ಅದು ಉತ್ತರ ಕೊಡಲಾರದು. ಎರಡನೆಯದು, ವಿಂಡೋಸ್ ಹುಡುಕಿಕೊಟ್ಟ ಡಬ್ಲ್ಯುಎಸ್‌ಡಿ ಪೋರ್ಟ್ ಬಿಟ್ಟು ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್, ರಾ, 9100 ಎಂದು ಸೇರಿಸಿ. ಅಷ್ಟಾದ ಮೇಲೂ 'ಆಫ್‌ಲೈನ್' ತೋರಿಸಿದರೆ ಎಸ್‌ಎನ್‌ಎಂಪಿ ಕಾರಣ: ವಿಂಡೋಸ್ ಯುಡಿಪಿ 161ರಲ್ಲಿ ಸ್ಟೇಟಸ್ ಕೇಳುತ್ತದೆ, ನಿಮ್ಮ ರೂಟರ್ ಅದನ್ನು ತಡೆದಿರುತ್ತದೆ. ಪೋರ್ಟ್ ಸೆಟ್ಟಿಂಗ್‌ನಲ್ಲಿ ಎಸ್‌ಎನ್‌ಎಂಪಿ ಟಿಕ್ ತೆಗೆಯಿರಿ. ಪ್ರಿಂಟರ್‌ನ ವೆಬ್ ಪುಟದ ಅಡ್ಮಿನ್ ಪಾಸ್‌ವರ್ಡ್ ಕಂಪನಿ ಕೊಟ್ಟದ್ದೇ ಇದ್ದರೆ ಈಗಲೇ ಬದಲಿಸಿ.

ಉತ್ತರ 3

ಮೇಲಿನದೆಲ್ಲ ಸರಿ. ಇನ್ನೊಂದು ಕಾಟ ಬರಬಹುದು: ಚಿಕ್ಕ ಫೈಲು ತೆರೆಯುತ್ತೆ, ದೊಡ್ಡದು ಕಾಪಿ ಮಾಡೋವಾಗ ಅರ್ಧಕ್ಕೆ ನಿಲ್ಲುತ್ತೆ. ಅದು ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) ಸಮಸ್ಯೆ. ವೈರ್‌ಗಾರ್ಡ್ 1500ರ ಲೈನ್ ಅಂತ ಲೆಕ್ಕ ಹಾಕಿ, ತನ್ನ ಹೊದಿಕೆಗೆ 80 ಬಿಟ್ಟು 1420 ಇಟ್ಟುಕೊಳ್ಳುತ್ತೆ, ಆದ್ರೆ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರೋ) ಲೈನ್ 1492 ಮಾತ್ರ. ಎರಡೂ ಕಡೆ 1412ಕ್ಕೆ ಇಳಿಸಿ, ಟಿಸಿಪಿ ಎಂಎಸ್‌ಎಸ್ ಕ್ಲ್ಯಾಂಪ್ (ಕಂಪ್ಯೂಟರ್‌ಗಳು ಅದಕ್ಕೆ ತಕ್ಕ ಸಣ್ಣ ಪ್ಯಾಕೆಟ್ ಕಳಿಸೋ ಹಾಗೆ ಮಾಡೋ ಸೆಟ್ಟಿಂಗ್) ಹಾಕಿ.

ಟ್ಯಾಲಿ ಡೇಟಾ ಫೋಲ್ಡರನ್ನು ಮಾತ್ರ ವಿಪಿಎನ್ ಮೇಲೆ ತೆರೀಬೇಡಿ. ಅದು ಸಣ್ಣ ಸಣ್ಣ ಓದು-ಬರಹ ಸಾವಿರಾರು ಸಲ ಮಾಡುತ್ತೆ. ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಹಿಡಿದರೂ ಒಂದರ ಹಿಂದೊಂದು ಸಾವಿರ ಸುತ್ತಿಗೆ 20 ಸೆಕೆಂಡ್. ಆಫೀಸ್ ಒಳಗೆ ಅದೇ ಕೆಲಸ ಒಂದು ಸೆಕೆಂಡೂ ಆಗಲ್ಲ. ಲೈನ್ ವೇಗ ಹೆಚ್ಚಿಸಿದ್ರೆ ಇದು ಸರಿಹೋಗಲ್ಲ. ಬರೆಯೋ ಮಧ್ಯೆ ಲೈನ್ ಹೋದ್ರೆ ಡೇಟಾ ಕೆಡೋ ಭಯ ಬೇರೆ. ಗದಗದವರು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹುಬ್ಬಳ್ಳಿಗೆ ಬಂದು ಟ್ಯಾಲಿ ಬಳಸಲಿ. ಅದರ ಪೋರ್ಟ್ ಟಿಸಿಪಿ 3389 ಟನಲ್ ಒಳಗೆ ಮಾತ್ರ ತೆರೆದಿರಬೇಕು. ವಿಂಡೋಸ್ ಪ್ರೊನಲ್ಲಿ ಒಂದು ಹೊತ್ತಿಗೆ ಒಬ್ಬರೇ. ನಿಮ್ಮ ಸರ್ವರ್‌ನಲ್ಲಿ ಐದು ಜನ ಒಟ್ಟಿಗೆ ಕೂರಬೇಕಾದ್ರೆ ಆರ್‌ಡಿಎಸ್ (ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್) ಲೈಸೆನ್ಸ್ ಬೇಕು, ಅದರ ಖರ್ಚು ಈಗಲೇ ಲೆಕ್ಕಕ್ಕೆ ಹಿಡೀರಿ.

ಬ್ಯಾಕಪ್ ಡಿಸ್ಕ್ ಅನ್ನು ಸದಾ ಸಿಕ್ಕಿಸಿ ಇಡಬೇಡಿ, ರ‍್ಯಾನ್ಸಮ್‌ವೇರ್ ಬಂದ್ರೆ ಅದೂ ಹೋಗುತ್ತೆ. ಎರಡು ಡಿಸ್ಕ್ ಇಟ್ಟುಕೊಂಡು ವಾರಕ್ಕೊಮ್ಮೆ ಬದಲಿಸಿ, ತೆಗೆದದ್ದು ಆಫೀಸ್ ಹೊರಗಿರಲಿ.